ಪಿಕಳಾರ ಗೂಡು ಕಟ್ಟಿದ ಮೇಲೆ ನಮ್ಮ ಕೈತೋಟ

ಕೈತೋಟದಲ್ಲಿ ಹಕ್ಕಿಯೊಂದು ಗೂಡು ಕಟ್ಟಲು ತೊಡಗಿದರೆ, ಅಲ್ಲಿಂದ ಮುಂದಿನ ಕೆಲವು ವಾರ ಆ ಕೈತೋಟದ ದಿನಚರಿ ನಮ್ಮ ಕೈಯಲ್ಲಿರುವುದಿಲ್ಲ. ಯಾವ ಗಿಡಕ್ಕೆ ಯಾವಾಗ ನೀರು ಹಾಕಬೇಕು, ಯಾವ ಕೊಂಬೆಯನ್ನು ಸವರಬಾರದು, ಯಾವ ದಾರಿಯಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನೆಲ್ಲ ಹಕ್ಕಿಯ ಅನುಕೂಲ ನೋಡಿಕೊಂಡು ತೀರ್ಮಾನಿಸಬೇಕಾಗುತ್ತದೆ. ಪಿಕಳಾರ, ಸಿಂಪಿಗ, ಸೂರಕ್ಕಿಗಳ ಜೊತೆ ಹಲವು ವರ್ಷ ಹೀಗೆ ಬದುಕಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಗೂಡಿಗೆ ನಾವು ಮಾಡಬಹುದಾದ ಉಪಕಾರದ ಬಹುಪಾಲು ನಾವು ಮಾಡದೆ ಬಿಡುವ ಕೆಲಸಗಳಲ್ಲಿಯೇ ಇದೆ. ದಾಸವಾಳದ ಪೊದೆಯಲ್ಲಿ ಕೆಮ್ಮೀಸೆ ಪಿಕಳಾರದ ಜೋಡಿಯೊಂದು ಕಟ್ಟಿದ ಗೂಡಿನ ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ. ಉಳಿದ ಹಕ್ಕಿಗಳು ನಡುನಡುವೆ ಬರುತ್ತವೆ.

ಕೆಮ್ಮೀಸೆ ಪಿಕಳಾರವನ್ನು ಗುರುತಿಸುವುದು ಸುಲಭ. ತಲೆಯ ಮೇಲೆ ನೆಟ್ಟಗೆ ನಿಂತ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ, ಅದರಡಿಯಲ್ಲಿ ಬಿಳಿಯ ಕೆನ್ನೆ, ಬಾಲದ ಬುಡದಲ್ಲಿ ಮತ್ತೆ ಕೆಂಪು. ಗಂಡು ಹೆಣ್ಣುಗಳೆರಡೂ ನೋಡಲು ಒಂದೇ ತೆರನಾಗಿರುವುದರಿಂದ, ಗೂಡಿನ ಬಳಿ ಕಂಡದ್ದು ತಂದೆಯೋ ತಾಯಿಯೋ ಎಂದು ಹೇಳಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಬೇರೆ ದಿನಗಳಲ್ಲಿ ಎದ್ದು ಕಾಣುವಂತೆ ತಂತಿಯ ಮೇಲೆ ಕುಳಿತು ಜೋರಾಗಿ ಉಲಿಯುವ ಈ ಹಕ್ಕಿ, ಗೂಡಿನ ಹತ್ತಿರ ಬಂದಾಗ ಮಾತ್ರ ಸದ್ದಡಗಿಸುತ್ತದೆ. ನನಗೆ ಸುಳಿವು ಸಿಕ್ಕಿದ್ದು ಆ ಮೌನದಿಂದಲೇ. ಒಣಹುಲ್ಲಿನ ಎಳೆಯೊಂದನ್ನು ಕೊಕ್ಕಿನಲ್ಲಿ ಹಿಡಿದ ಹಕ್ಕಿ ನೇರವಾಗಿ ಪೊದೆಗೆ ಹೋಗದೆ, ಮೊದಲು ಕರಿಬೇವಿನ ಗಿಡದ ತುದಿಯಲ್ಲಿ ಕುಳಿತು ಸುತ್ತಲೂ ನೋಡಿ, ಬಳಿಕ ಬೇಲಿಯ ಮೇಲಿಳಿದು, ಕಡೆಗೆ ದಾಸವಾಳದ ಒಳಗೆ ಮಾಯವಾಯಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಹಕ್ಕಿಯೂ ಅದೇ ಸುತ್ತುದಾರಿ ಹಿಡಿದು ಬಂದಿತು.

ದಾಸವಾಳವನ್ನು ಸವರುವ ಕಾಲ ಅದು. ಕತ್ತರಿಯನ್ನು ಎತ್ತಿಟ್ಟೆ. ಹೂವು ಕಡಿಮೆಯಾದರೂ, ರೆಂಬೆಗಳು ಕಾಲುದಾರಿಗೆ ಚಾಚಿದರೂ ಗಿಡಕ್ಕೆ ಅದರಿಂದ ಅಂಥ ನಷ್ಟವೇನೂ ಇಲ್ಲ, ಗೂಡಿಗಾದರೋ ಆ ರೆಂಬೆಗಳೇ ಗೋಡೆ, ಅವೇ ಮಾಡು. ಮನುಷ್ಯರ ಎದೆಯೆತ್ತರದಲ್ಲಿ, ಮೂರು ಕವಲು ಒಡೆಯುವ ಕಡೆ ಗೂಡು ಏಳುತ್ತಿತ್ತು. ಒಣಗಿದ ಎಲೆ, ಸಣ್ಣ ಬೇರು, ತೊಗಟೆಯ ಸೀಳು, ಹುಲ್ಲಿನ ಎಳೆಗಳನ್ನು ಸುತ್ತಿ ಸುತ್ತಿ ಬಟ್ಟಲಿನ ಆಕಾರ ತಂದು, ಜೇಡರ ಬಲೆಯ ನೂಲಿನಿಂದ ಅದನ್ನು ಬಿಗಿಯುತ್ತಿದ್ದವು. ಹಕ್ಕಿ ಆ ಬಟ್ಟಲಿನೊಳಗೆ ಕುಳಿತು, ಎದೆಯಿಂದ ಒತ್ತುತ್ತ ತಿರುಗಿ ತಿರುಗಿ ಒಳಮೈಯನ್ನು ತನ್ನ ಅಳತೆಗೆ ತಂದುಕೊಳ್ಳುವುದನ್ನು ಕಿಟಕಿಯೊಳಗಿನಿಂದ ದುರ್ಬೀನಿನಲ್ಲಿ ನೋಡಿದೆ. ನಾನು ಕಂಡ ಕಟ್ಟಡದ ಕೆಲಸಗಳಲ್ಲೆಲ್ಲ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಪೂರ್ಣವಾದುದು ಬೇರೊಂದಿಲ್ಲ.

ಹತ್ತಿರ ಹೋಗಿ ನೋಡುವ ಆಸೆ ಅತಿಯಾಗಿ ಕಾಡುವುದು ಈ ಹಂತದಲ್ಲಿ, ಹೋಗಲೇಬಾರದ ಹಂತವೂ ಇದೇ. ಮೊಟ್ಟೆಯಿಡುವ ಮುಂಚೆ ಹಕ್ಕಿ ಆ ಜಾಗದ ಮೇಲೆ ತೊಡಗಿಸಿರುವುದು ಕೆಲವೇ ದಿನಗಳ ದುಡಿಮೆಯನ್ನು. ಅಪಾಯದ ಗುಮಾನಿ ಬಂದರೆ ಅದನ್ನು ಬಿಟ್ಟು ಬೇರೆಡೆ ಮೊದಲಿನಿಂದ ಆರಂಭಿಸುವುದೇ ಅದಕ್ಕೆ ಲೇಸೆನಿಸುತ್ತದೆ. ಮೊಟ್ಟೆಗೆ ಕಾವು ಕೂತ ಮೇಲೆ, ಅದರಲ್ಲೂ ಮರಿಗಳು ಹೊರಬಂದ ಮೇಲೆ, ಅದೇ ಹಕ್ಕಿ ಗೂಡನ್ನು ಸುಲಭವಾಗಿ ತೊರೆಯುವುದಿಲ್ಲ. ಆದ್ದರಿಂದ ಕಟ್ಟಡ ಮುಗಿಯುವವರೆಗೆ ಆ ಪೊದೆಯ ಪಕ್ಕದ ಪಾತಿಯ ಕಳೆಯನ್ನೂ ಕೀಳದೆ ಬಿಟ್ಟೆವು.

ಪಿಕಳಾರ ದಿನಕ್ಕೆ ಒಂದರಂತೆ ಮೊಟ್ಟೆಯಿಡುತ್ತದೆ. ಒಂದು ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು. ಈ ಗೂಡಿನಲ್ಲಿ ಮೂರಿದ್ದವು. ನಸುಗುಲಾಬಿ ಛಾಯೆಯ ಮೊಟ್ಟೆಯ ಮೇಲೆ ಕೆಂಗಂದು ಚುಕ್ಕೆಗಳು, ದಪ್ಪ ತುದಿಯ ಕಡೆ ಅವು ಒತ್ತೊತ್ತಾಗಿರುತ್ತವೆ. ಮೊಟ್ಟೆಗಳೆಲ್ಲ ಇಟ್ಟು ಮುಗಿಯುವವರೆಗೆ ಹಕ್ಕಿ ಪಟ್ಟಾಗಿ ಕಾವಿಗೆ ಕೂರುವುದಿಲ್ಲ, ಗಂಟೆಗಟ್ಟಲೆ ಗೂಡು ಬರಿದಾಗಿ ಕಾಣುತ್ತದೆ. ಹಕ್ಕಿ ಗೂಡನ್ನು ಬಿಟ್ಟುಹೋಗಿದೆಯೆಂದು ಭಾವಿಸಿ ಮೊಟ್ಟೆಯನ್ನು ಎತ್ತಿ ಒಳಗೆ ತಂದು, ಬಲ್ಬಿನ ಶಾಖದಲ್ಲಿಟ್ಟು ಮರಿ ಮಾಡಿಸಲು ಹೊರಟವರ ಕಥೆಗಳನ್ನು ಕೇಳಿದ್ದೇನೆ. ಕಾವು ಆರಂಭವಾಗದ ಮೊಟ್ಟೆಯಲ್ಲಿ ಭ್ರೂಣದ ಬೆಳವಣಿಗೆ ತಡೆದು ನಿಂತಿರುತ್ತದೆ, ತಂಪಿಗೆ ಅದು ಕೆಡುವುದಿಲ್ಲ. ಎಲ್ಲ ಮೊಟ್ಟೆಗಳಿಗೂ ಹೆಚ್ಚುಕಡಿಮೆ ಒಟ್ಟಿಗೆ ಕಾವು ಸಿಕ್ಕಿ, ಮರಿಗಳು ಹೆಚ್ಚು ಅಂತರವಿಲ್ಲದೆ ಹೊರಬರಲೆಂದು ಇರುವ ವ್ಯವಸ್ಥೆ ಅದು.

ಮೂರನೆಯ ಮೊಟ್ಟೆಯ ಬಳಿಕ ಕಾವು ಶುರುವಾಯಿತು. ಪಿಕಳಾರದ ಮೊಟ್ಟೆಗೆ ಸುಮಾರು 12 ದಿನಗಳ ಕಾವು ಬೇಕು. ಕಾವು ಕೊಡುವ ಹಕ್ಕಿಯ ಹೊಟ್ಟೆಯ ಭಾಗದಲ್ಲಿ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ. ರಕ್ತನಾಳಗಳು ತುಂಬಿದ ಆ ಬೆಚ್ಚನೆಯ ಚರ್ಮ ಮೊಟ್ಟೆಗೆ ನೇರವಾಗಿ ತಾಗುತ್ತದೆ. ಆಗಾಗ ಹಕ್ಕಿ ಎದ್ದು, ತಲೆ ಬಗ್ಗಿಸಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿ ಮತ್ತೆ ಕೂರುತ್ತದೆ. ಈ ದಿನಗಳಲ್ಲಿ ನಾವು ಕಲಿತ ಮುಖ್ಯ ಸಂಗತಿ ನಡಿಗೆಯದು. ಪೊದೆಯ ಪಕ್ಕದ ದಾರಿಯಲ್ಲಿ ನಾವು ಸಹಜವಾದ ವೇಗದಲ್ಲಿ ಹಾದುಹೋದರೆ ಹಕ್ಕಿ ಕದಲುತ್ತಲೇ ಇರಲಿಲ್ಲ. ಒಂದು ಕ್ಷಣ ನಿಂತು ಅದರತ್ತ ಮುಖ ಮಾಡಿದರೆ ಸಾಕು, ಮೈ ಬಿಗಿದುಕೊಂಡು ಹಾರಲು ಅಣಿಯಾಗುತ್ತಿತ್ತು. ನಮ್ಮ ಇರವಿಗಿಂತ ನಮ್ಮ ದೃಷ್ಟಿಯೇ ಅದಕ್ಕೆ ಹೆಚ್ಚಿನ ಭಯ ಎಂದು ತಿಳಿದ ಮೇಲೆ ಮನೆಯವರೆಲ್ಲ ಆ ಕಡೆ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡೆವು. ಪೈಪಿನಲ್ಲಿ ನೀರು ಚಿಮುಕಿಸುವುದನ್ನು ನಿಲ್ಲಿಸಿ, ದಾಸವಾಳದ ಬುಡಕ್ಕೆ ತಂಬಿಗೆಯಿಂದ ನೀರು ಹಾಕಿದೆವು. ಬಟ್ಟೆ ಒಣಗಿಸುವ ಹಗ್ಗವನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿದೆವು.

ಬಿಸಿಲು ಏರಿದಾಗ ಗೂಡಿನ ಮೇಲೆ ಒಂದು ಹಾಳೆಯನ್ನು ನೆರಳಾಗಿ ಕಟ್ಟೋಣವೆಂದು ಮನೆಗೆ ಬಂದ ಬಂಧುಗಳು ಸಲಹೆ ಮಾಡಿದರು. ಅವರ ಕಾಳಜಿ ನಿಜವಾದದ್ದೇ ಆಗಿತ್ತು, ಆದರೂ ನಾನು ಒಪ್ಪಲಿಲ್ಲ. ದಿನದ ಯಾವ ಹೊತ್ತಿನಲ್ಲಿ ಎಲ್ಲಿ ನೆರಳು ಬೀಳುತ್ತದೆಂಬುದನ್ನು ಹಕ್ಕಿ ನಮಗಿಂತ ಚೆನ್ನಾಗಿ ಬಲ್ಲದು. ಹೊಸದಾಗಿ ಬಂದು ಗಾಳಿಗೆ ಪಟಪಟಿಸುವ ಹಾಳೆ ಅದನ್ನು ಬೆದರಿಸುವುದಲ್ಲದೆ, ಕಾಗೆಯ ಗಮನವನ್ನು ಆ ಪೊದೆಯತ್ತಲೇ ಸೆಳೆಯುತ್ತದೆ. ಚಿತ್ರ ತೆಗೆಯಲು ಅಡ್ಡವಾಯಿತೆಂದು ಎಲೆಗಳನ್ನು ಕಿತ್ತುಹಾಕುವವರ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ಗೂಡನ್ನು ಮರೆಮಾಡಿದ ಆ ನಾಲ್ಕೆಲೆಗಳು ಹೋದರೆ ನಡುಮಧ್ಯಾಹ್ನದ ಬಿಸಿಲಿಗೆ ಬೆತ್ತಲೆ ಮರಿ ಕೆಲವೇ ಹೊತ್ತಿನಲ್ಲಿ ಸಾಯಬಹುದು.

ಮರಿಗಳು ಹೊರಬಂದ ಸಂಗತಿ ನಮಗೆ ತಿಳಿದದ್ದು ಗೂಡಿನಿಂದ ದೂರದಲ್ಲಿ. ಬೇಲಿಯಾಚೆ ಚಿಪ್ಪಿನ ಅರ್ಧ ಭಾಗವೊಂದು ಬಿದ್ದಿತ್ತು. ದಪ್ಪ ತುದಿಯ ಬಳಿ ಉಂಗುರದಂತೆ ಒಡೆದ, ಒಳಗೆ ಹಳದಿಯ ಕಲೆಯಿಲ್ಲದ ಚಿಪ್ಪು ಮರಿ ಹೊರಬಂದದ್ದರ ಗುರುತು. ತಿಂದ ಮೊಟ್ಟೆಯಾದರೆ ಚಿಪ್ಪು ಚೂರುಚೂರಾಗಿ, ಹಳದಿ ಮೆತ್ತಿಕೊಂಡಿರುತ್ತದೆ. ಚಿಪ್ಪನ್ನು ತಂದೆತಾಯಿ ಹಕ್ಕಿಗಳು ಏಕೆ ದೂರ ಒಯ್ಯುತ್ತವೆ ಎಂಬುದನ್ನು ನಿಕೊ ಟಿನ್‌ಬರ್ಗೆನ್ ಮತ್ತು ಅವರ ಸಂಗಡಿಗರು ಕಡಲಹಕ್ಕಿಗಳ ಮೇಲೆ ಪ್ರಯೋಗ ನಡೆಸಿ 1962ರಲ್ಲಿ ಪ್ರಕಟಿಸಿದರು. ಒಡೆದ ಚಿಪ್ಪಿನ ಒಳಗಿನ ಬಿಳುಪು ಎದ್ದು ಕಾಣುವುದರಿಂದ, ಚಿಪ್ಪನ್ನು ಹತ್ತಿರವೇ ಇಟ್ಟ ಮೊಟ್ಟೆಗಳು ಕಾಗೆ ಮೊದಲಾದ ಬೇಟೆಗಾರರ ಕಣ್ಣಿಗೆ ಬೇಗ ಬೀಳುತ್ತಿದ್ದವು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಕಾನ್ರಾಡ್ ಲೊರೆನ್ಜ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಡನೆ ನೊಬೆಲ್ ಪಡೆದವರು ಇದೇ ಟಿನ್‌ಬರ್ಗೆನ್. 1939ರ ಅವರ ಇನ್ನೊಂದು ಅಧ್ಯಯನ ನಮ್ಮ ಕಿಟಕಿಯ ಆಚೆ ದಿನವೂ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ತೆರೆಯದ ಮರಿಗಳು ಗೂಡು ಸ್ವಲ್ಪ ಅಲುಗಿದರೂ ಬಾಯಿ ತೆರೆದು ಕುತ್ತಿಗೆಯನ್ನು ನೆಟ್ಟಗೆ ಮೇಲಕ್ಕೆ ಚಾಚುತ್ತವೆ, ಕಣ್ಣು ತೆರೆದು ನೋಡಲು ಕಲಿತ ಮೇಲೆ ಬಾಯನ್ನು ತಂದೆತಾಯಿಯ ತಲೆಯ ಕಡೆಗೆ ತಿರುಗಿಸುತ್ತವೆ. ನಮ್ಮ ದಾಸವಾಳದ ಮರಿಗಳೂ ಮೊದಲ ದಿನಗಳಲ್ಲಿ ಗಾಳಿಗೆ ಕೊಂಬೆ ತೂಗಿದಾಗಲೆಲ್ಲ ಬರಿಯ ಆಕಾಶಕ್ಕೆ ಬಾಯಿ ತೆರೆಯುತ್ತಿದ್ದವು.

ಮೂರರಲ್ಲಿ ಒಂದು ಮೊಟ್ಟೆ ಒಡೆಯಲೇ ಇಲ್ಲ. ಎರಡು ಮರಿಗಳ ನಡುವೆ ಅದು ಹಾಗೆಯೇ ಉಳಿದಿತ್ತು. ಎರಡೇ ಮರಿಗಳಾದರೂ ಗುಟುಕು ಕೊಡುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ನಡೆಯಿತು. ಪಿಕಳಾರ ಹಣ್ಣು ತಿನ್ನುವ ಹಕ್ಕಿಯೆಂದೇ ನಮ್ಮೆಲ್ಲರ ತಿಳಿವಳಿಕೆ. ಆದರೆ ಹೊಸ ಮರಿಗಳಿಗೆ ಅದು ತಂದುಕೊಡುವುದು ಕಂಬಳಿಹುಳು, ಎಳೆಯ ಮಿಡತೆ, ಜೇಡ ಇಂಥವನ್ನು. ಸ್ನಾಯು, ಪುಕ್ಕ, ಎಲುಬು ಬೆಳೆಯಲು ಬೇಕಾದ ಪ್ರೋಟೀನು ಹಣ್ಣಿನಲ್ಲಿ ಸಾಲದು. ಮರಿಗಳು ಬೆಳೆದಂತೆ ಹಣ್ಣಿನ ಪಾಲು ಹೆಚ್ಚುತ್ತ ಹೋಗುತ್ತದೆ. ಮಕರಂದ ಹೀರುವ ಸೂರಕ್ಕಿಯೂ ತನ್ನ ಮರಿಗಳಿಗೆ ಹುಳುವನ್ನೇ ಉಣಿಸುತ್ತದೆ. ನಿಂಬೆಗಿಡದ ಎಲೆಗಳನ್ನು ತಿಂದು ಹಾಕುತ್ತಿದ್ದ ಹಸಿರು ಹುಳುಗಳಿಗೆ ಔಷಧ ಹೊಡೆಯುವ ಯೋಚನೆಯನ್ನು ನಾನು ಕೈಬಿಟ್ಟದ್ದು ಇದೇ ಕಾರಣಕ್ಕೆ. ಔಷಧ ಹೊಡೆದರೆ ಹುಳುಗಳು ಸತ್ತು ಮರಿಗಳಿಗೆ ಆಹಾರ ಇಲ್ಲವಾಗುತ್ತದೆ, ಇಲ್ಲವೇ ಅರೆಜೀವವಾಗಿ ಸುಲಭವಾಗಿ ಸಿಕ್ಕ ಹುಳು ವಿಷದೊಂದಿಗೆ ಮರಿಯ ಹೊಟ್ಟೆ ಸೇರುತ್ತದೆ. ನಿಂಬೆಗಿಡ ಎಲೆ ಕಳೆದುಕೊಂಡು ಮತ್ತೆ ಚಿಗುರಿತು. ಹುಳುಗಳಿಗೆ ಅವಕಾಶವಿಲ್ಲದ ತೋಟದಲ್ಲಿ ಹಕ್ಕಿಗಳು ಮರಿಮಾಡಲಿ ಎಂದು ಬಯಸುವುದಕ್ಕೆ ಅರ್ಥವಿಲ್ಲ.

ಗುಟುಕು ಕೊಟ್ಟ ಬಳಿಕ ಹಕ್ಕಿ ಕೂಡಲೆ ಹಾರದೆ ಒಂದು ಕ್ಷಣ ಕಾಯುತ್ತದೆ. ಮರಿ ತಿರುಗಿ ಹಿಂಭಾಗವನ್ನು ಮೇಲೆತ್ತಿ, ತೆಳು ಪೊರೆಯ ಚೀಲದಲ್ಲಿ ಸುತ್ತಿದ ಹಿಕ್ಕೆಯನ್ನು ಹೊರಹಾಕುತ್ತದೆ. ತಂದೆಯೋ ತಾಯಿಯೋ ಆ ಚೀಲವನ್ನು ಕೊಕ್ಕಿನಲ್ಲಿ ಹಿಡಿದು ದೂರ ಒಯ್ದು ಬಿಸಾಡುತ್ತದೆ, ಮರಿಗಳು ಬಹಳ ಚಿಕ್ಕವಿದ್ದಾಗ ತಾನೇ ನುಂಗುವುದೂ ಉಂಟು. ಗೂಡು ಒದ್ದೆಯಾಗದಂತೆ, ವಾಸನೆಯ ಜಾಡು ಹಿಡಿದು ಬೇರೆ ಪ್ರಾಣಿ ಬರದಂತೆ ನಡೆಯುವ ಈ ಚೊಕ್ಕಟದ ಕೆಲಸ ನನ್ನನ್ನು ಗುಟುಕಿನಷ್ಟೇ ಹಿಡಿದು ನಿಲ್ಲಿಸಿತು. ಮರಿಗಳ ಮೈಮೇಲೆ ಮೊದಲು ನೀಲಿಗಪ್ಪು ಮುಳ್ಳುಗಳಂತೆ ಪುಕ್ಕದ ಕೊಳವೆಗಳು ಮೂಡಿ, ಕೆಲವು ದಿನಗಳಲ್ಲಿ ಅವುಗಳ ತುದಿಯೊಡೆದು ಪುಕ್ಕ ಬಿಚ್ಚಿಕೊಂಡಿತು. ಅಲ್ಲಿಯವರೆಗೆ ಅವಕ್ಕೆ ಸ್ವಂತ ಮೈಶಾಖ ಕಾಯ್ದುಕೊಳ್ಳುವ ಶಕ್ತಿಯಿರುವುದಿಲ್ಲವಾದ್ದರಿಂದ, ರಾತ್ರಿಯಲ್ಲೂ ಮಳೆ ಬಂದಾಗಲೂ ದೊಡ್ಡ ಹಕ್ಕಿ ಅವನ್ನು ತನ್ನಡಿಯಲ್ಲಿ ಮುಚ್ಚಿಕೊಂಡಿರುತ್ತಿತ್ತು.

ಎಲ್ಲ ಗೂಡುಗಳೂ ಇಲ್ಲಿಯವರೆಗೆ ತಲುಪುವುದಿಲ್ಲ. ಇದಕ್ಕೂ ಮುಂಚಿನ ವರ್ಷ ಮಲ್ಲಿಗೆಯ ಬಳ್ಳಿಯಲ್ಲಿ ಕಟ್ಟಿದ್ದ ಪಿಕಳಾರದ ಗೂಡಿಗೆ ಕೆಂಬೂತವೊಂದು ನುಗ್ಗಿ ಮರಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಯಿತು. ತಂದೆತಾಯಿಗಳ ಅರಚಾಟ ಕೇಳಿ ನಾವು ಹೊರಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕೆಂಬೂತ, ಮಟಪಕ್ಷಿ, ಕಾಗೆ, ಓತಿಕ್ಯಾತ, ಹಾವು ಎಲ್ಲಕ್ಕೂ ಮೊಟ್ಟೆ ಮರಿಗಳು ಆಹಾರವೇ. ಅಂದು ನನಗಾದ ಸಂಕಟ ಈಗಲೂ ಮಾಸಿಲ್ಲ. ಆದರೆ ಕೆಂಬೂತಕ್ಕೂ ಎಲ್ಲೋ ಒಂದು ಪೊದೆಯಲ್ಲಿ ಹಸಿದ ಮರಿಗಳಿರುತ್ತವೆ, ಅದನ್ನು ಕಲ್ಲೆಸೆದು ಓಡಿಸುವ ಹಕ್ಕು ನನಗಿದೆಯೆಂದು ಒಪ್ಪಲು ಮನಸ್ಸು ಬರುವುದಿಲ್ಲ. ಬೆಕ್ಕಿನ ಮಾತು ಬೇರೆ. ಅದಕ್ಕೆ ಹಾಲು ಅನ್ನ ಹಾಕಿ ಸಾಕಿದವರು ಮನುಷ್ಯರು, ಆದ್ದರಿಂದ ಅದನ್ನು ತಡೆಯುವ ಹೊಣೆಯೂ ಮನುಷ್ಯರದೇ. ಪೊದೆಯ ಬುಡದ ಸುತ್ತ ಮುಳ್ಳಿನ ಒಣ ಕೊಂಬೆಗಳನ್ನು ಒಟ್ಟಿದೆವು. ಹಕ್ಕಿಗಳ ನೀರಿನ ಬಟ್ಟಲನ್ನು ಗೂಡಿನಿಂದ ದೂರ, ಬೆಕ್ಕು ಅವಿತು ಕೂರಲು ಮರೆಯಿಲ್ಲದ ಬಯಲಿಗೆ ಸಾಗಿಸಿದೆವು. ಗೂಡಿನ ಹತ್ತಿರ ಕಾಳು ಹಣ್ಣು ಚೆಲ್ಲುವುದನ್ನು ನಿಲ್ಲಿಸಿದೆವು, ಏಕೆಂದರೆ ಅದಕ್ಕೆ ಮೊದಲು ಬರುವುದು ಕಾಗೆ ಮತ್ತು ಅಳಿಲು.

ಅದೇ ವೇಳೆಗೆ ಜಗುಲಿಯ ದೀಪದ ತಂತಿಗೆ ಸೂರಕ್ಕಿಯೊಂದು ಗೂಡು ನೇತುಹಾಕಿತು. ಜೇಡರ ಬಲೆಯಿಂದ ಹೆಣೆದು, ಹೊರಗೆ ತೊಗಟೆಯ ಚೂರು, ಒಣ ಎಲೆಯ ತುಣುಕು, ಹುಳುಗಳ ಹಿಕ್ಕೆ ಅಂಟಿಸಿದ ಆ ಜೋಲುಚೀಲ ನೋಡುವವರಿಗೆ ಕಸ ಸಿಕ್ಕಿಕೊಂಡಂತೆ ಕಾಣುತ್ತದೆ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಪುಟ್ಟ ಮಾಡು. ಆ ದೀಪವನ್ನು ಮರಿಗಳು ಹಾರುವವರೆಗೆ ಉರಿಸಲಿಲ್ಲ, ಜಗುಲಿಯ ಮೂಲೆಗಳ ಬಲೆಯನ್ನು ಗುಡಿಸಲೂ ಇಲ್ಲ. ಗಂಡು ಸೂರಕ್ಕಿ ಕಿಟಕಿಯ ಗಾಜಿನಲ್ಲಿ ತನ್ನದೇ ಬಿಂಬವನ್ನು ಕಂಡು, ಎದುರಾಳಿಯೆಂದು ಬಗೆದು ಕುಕ್ಕುತ್ತ ದಣಿಯುತ್ತಿತ್ತು. ಗಾಜಿಗೆ ಹೊರಗಿನಿಂದ ಬಟ್ಟೆ ಇಳಿಬಿಟ್ಟ ಮೇಲೆ ಆ ಕಾದಾಟ ನಿಂತಿತು.

ಸಿಂಪಿಗನ ಗೂಡನ್ನು ನಾನು ಕಂಡದ್ದು ಮರಿಗಳು ಹಾರಿಹೋದ ಬಹಳ ದಿನಗಳ ಮೇಲೆ. ಎಲೆಯ ಅಂಚುಗಳಿಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆಯನ್ನೋ ಬಲೆಯ ನೂಲನ್ನೋ ಅದರೊಳಗೆ ತೂರಿಸಿ, ಎಳೆಯ ತುದಿ ಅರಳಿ ನಿಲ್ಲುವುದರಿಂದ ಅದು ಜಾರದಂತೆ ಹೊಲಿದ ಗೂಡು. ಗಿಡದಲ್ಲಿಯೇ ಜೀವಂತವಾಗಿ ಉಳಿದ ಹಸಿರೆಲೆಯೇ ಗೂಡಿನ ಹೊರಮೈಯಾದ್ದರಿಂದ ದಿನವೂ ಪಕ್ಕದಲ್ಲೇ ಓಡಾಡಿದರೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮತ್ತೆ ಪಿಕಳಾರದ ಮಾತಿಗೆ ಬರುತ್ತೇನೆ. ಮರಿಗಳು ಗೂಡಿನಲ್ಲಿರುವುದು ಸುಮಾರು ಹನ್ನೆರಡು ದಿನ. ಕೊನೆಯ ಮೂರು ನಾಲ್ಕು ದಿನ ಪೊದೆಯ ಹತ್ತಿರ ಸುಳಿಯಲೇಬಾರದು, ಏಕೆಂದರೆ ಪುಕ್ಕ ಬಂದ ಮರಿಗಳು ಬೆದರಿದರೆ ಹಾರಲು ಬಾರದಿದ್ದರೂ ಗೂಡಿನಿಂದ ಹೊರಕ್ಕೆ ಜಿಗಿದುಬಿಡುತ್ತವೆ. ಹಾಗೆ ಅವಧಿಗೆ ಮುನ್ನ ಹೊರಬಿದ್ದ ಮರಿಯನ್ನು ಮತ್ತೆ ಗೂಡಿನಲ್ಲಿ ಕೂರಿಸಿದರೂ ಅದು ನಿಲ್ಲುವುದು ಕಷ್ಟ. ಆ ದಿನಗಳಲ್ಲಿ ಪಕ್ಕದ ಮನೆಯವರಲ್ಲಿ ವಿಷಯ ತಿಳಿಸಿ, ಅವರ ಬೆಕ್ಕನ್ನು ಬೆಳಗಿನ ಹೊತ್ತು ಒಳಗೇ ಇರಿಸಿಕೊಳ್ಳುವಂತೆ ಕೇಳಿಕೊಂಡೆ. ಅವರು ಒಪ್ಪಿದ್ದಲ್ಲದೆ, ಅವರ ಮನೆಯ ಹುಡುಗ ಆ ಮೇಲೆ ನನಗಿಂತ ಹೆಚ್ಚು ಶ್ರದ್ಧೆಯಿಂದ ಕಾವಲು ಕಾಯತೊಡಗಿದ.

ಮರಿಗಳು ಗೂಡು ಬಿಟ್ಟ ದಿನ ಬೊಗಸೆಯಲ್ಲಿ ಒಂದನ್ನು ಹಿಡಿದು ಓಡಿಬಂದವನೂ ಅವನೇ. "ಆಂಟಿ, ಕೆಳಗೆ ಬಿದ್ದುಬಿಟ್ಟಿದೆ, ನೀರು ಕುಡಿಸಲಾ?" ಎಂದು ಕೇಳಿದ. ನೀರು ಹಾಕಬಾರದೆಂದು ಹೇಳಿದೆ. ಮರಿಯ ನಾಲಿಗೆಯ ಬುಡದಲ್ಲಿಯೇ ಉಸಿರಿನ ದ್ವಾರವಿರುವುದರಿಂದ, ಬಾಯಿಗೆ ಬಿಟ್ಟ ಹನಿ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಎರವಾಗಬಹುದು. ಮರಿಯ ಮೈತುಂಬ ಪುಕ್ಕವಿತ್ತು, ಬಾಲ ಮೋಟಾಗಿತ್ತು, ಕೊಂಬೆಯನ್ನು ಕಾಲಿನಿಂದ ಬಿಗಿಯಾಗಿ ಹಿಡಿಯಬಲ್ಲದಾಗಿತ್ತು. ಕೆನ್ನೆಯ ಕೆಂಪು ಇನ್ನೂ ಮೂಡಿರಲಿಲ್ಲ, ಬಾಲದಡಿಯ ಬಣ್ಣವೂ ಮಾಸಲು ಕಿತ್ತಳೆಯಾಗಿತ್ತು. ಅದು ಬಿದ್ದ ಮರಿಯಲ್ಲ, ಗೂಡು ಬಿಟ್ಟು ಹೊರಟ ಮರಿ. ಈ ವಯಸ್ಸಿನಲ್ಲಿ ಅದು ನೆಲದಲ್ಲೋ ಪೊದೆಯಲ್ಲೋ ಕುಪ್ಪಳಿಸುತ್ತ ಇರುವುದು ಸಹಜ, ತಂದೆತಾಯಿಗಳು ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಸಿಕ್ಕ ಜಾಗಕ್ಕೆ ಹತ್ತಿರದ ಒತ್ತಾದ ಪೊದೆಯಲ್ಲಿ ಅದನ್ನು ಕೂರಿಸಿ, ನಾವಿಬ್ಬರೂ ಮನೆಯೊಳಗೆ ಹೋಗಿ ಕಿಟಕಿಯಿಂದ ನೋಡಿದೆವು. ದೊಡ್ಡ ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದು ಅದರ ಪಕ್ಕಕ್ಕೇ ಇಳಿಯಿತು. ಮನುಷ್ಯರ ಕೈಸೋಕಿದ ಮರಿಯನ್ನು ಹಕ್ಕಿ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ಆ ಹುಡುಗ ಎಲ್ಲೋ ಕೇಳಿ ಹೆದರಿದ್ದ. ಅದು ನಿಜವಲ್ಲವೆಂಬುದನ್ನು ಅವನು ಕಣ್ಣಾರೆ ಕಂಡ. ಪುಕ್ಕವೇ ಬಾರದ ಬೆತ್ತಲೆ ಮರಿ ಬಿದ್ದಿದ್ದರೆ ಅದರ ಜಾಗ ಗೂಡು. ಎತ್ತಿ ಮೆಲ್ಲನೆ ಒಳಗಿಡಬೇಕು. ಗೂಡೇ ಕಿತ್ತುಹೋಗಿದ್ದರೆ, ನೀರು ಬಸಿಯುವಂತೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ, ಮೊದಲಿನ ಜಾಗಕ್ಕೆ ಆದಷ್ಟು ಹತ್ತಿರ ಕಟ್ಟಿ ದೂರ ಸರಿಯಬೇಕು. ಗಾಯಗೊಂಡ ಅಥವಾ ಬೆಕ್ಕಿನ ಬಾಯಿಗೆ ಸಿಕ್ಕ ಮರಿಯನ್ನು ಮಾತ್ರ ಕತ್ತಲಾದ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ಪಕ್ಷಿಗಳ ಚಿಕಿತ್ಸೆ ಬಲ್ಲವರಿಗೆ ತಲುಪಿಸಬೇಕು. ಹೊರಗೆ ಗಾಯ ಕಾಣದಿದ್ದರೂ ಬೆಕ್ಕಿನ ಹಲ್ಲಿನ ನಂಜು ಬೇಗ ಏರುತ್ತದೆ.

ಗೂಡು ಬರಿದಾದ ಮೇಲೂ ಎರಡು ಮೂರು ವಾರ ಮರಿಗಳು ತಂದೆತಾಯಿಗಳ ಹಿಂದೆ ರೆಕ್ಕೆ ಅದುರಿಸುತ್ತ ಗುಟುಕು ಬೇಡಿಕೊಂಡು ತಿರುಗುತ್ತಿದ್ದವು. ಆದ್ದರಿಂದ ಔಷಧ, ಕತ್ತರಿ, ಬೆಕ್ಕು ಇವುಗಳ ಕಟ್ಟುಪಾಡು ಗೂಡಿನೊಂದಿಗೇ ಮುಗಿಯಲಿಲ್ಲ. ಮರಿಗಳು ತಾವೇ ಹಣ್ಣು ಕುಕ್ಕಿ ತಿನ್ನತೊಡಗಿದ ಮೇಲೆ ದಾಸವಾಳವನ್ನು ಸವರಿದೆ, ಆದರೆ ಹೊರಗಿನ ರೆಂಬೆಗಳನ್ನಷ್ಟೇ. ಮೂರು ಕವಲಿನ ಆ ನಡುಭಾಗವನ್ನು ಒತ್ತಾಗಿಯೇ ಉಳಿಸಿದ್ದೇನೆ. ಒಡೆಯದ ಮೊಟ್ಟೆಯೊಡನೆ ಹಳೆಯ ಗೂಡು ಮುಂದಿನ ಮಳೆಗೆ ಕರಗಿಹೋಯಿತು. ಪಿಕಳಾರ ಸಾಮಾನ್ಯವಾಗಿ ಪ್ರತಿ ಸಲವೂ ಹೊಸ ಗೂಡು ಕಟ್ಟುವುದರಿಂದ ಅದನ್ನು ಕಾದಿಡಬೇಕಾದ ಅಗತ್ಯವಿರಲಿಲ್ಲ. ಈಗ ಬೇಲಿಯ ಇನ್ನೊಂದು ತುದಿಯಲ್ಲಿ ಪಿಕಳಾರದ ಜೋಡಿಯೊಂದು ನಾರು ಸಾಗಿಸುತ್ತಿದೆ. ಆ ಬದಿಯ ಬೇಲಿಯನ್ನು ಸರಿಪಡಿಸಲು ಬರಬೇಕಿದ್ದವರಿಗೆ ಒಂದು ತಿಂಗಳು ಬಿಟ್ಟು ಬರುವಂತೆ ಹೇಳಿ ಕಳುಹಿಸಿದ್ದೇವೆ.